ಟೂಲ್ ಬಾಕ್ಸ್ ಮುಚ್ಚಳದ ಗೀಟುಗಳು

ನಮ್ಮ ಗ್ಯಾರೇಜಿಗೆ ಹಳೇ ಜೀಪು ಬಂದರೆ ಮೊದಲ ಮೂರು ದಿನ ಯಾರೂ ಸ್ಪ್ಯಾನರ್ ಹಿಡಿಯುವಂತಿಲ್ಲ. ನೀರು ಹೊಡೆಯುವಂತಿಲ್ಲ, ಬಟ್ಟೆಯಲ್ಲಿ ಒರೆಸುವಂತೆಯೂ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇದು ಸುಮ್ಮನೆ ಕಾಲ ಕಳೆದ ಹಾಗೆ ಕಾಣುತ್ತದೆ. ಗಾಡಿ ಬಿಟ್ಟುಹೋದವರು ನಾಲ್ಕನೇ ದಿನ ಬಂದು, 'ಧೂಳು ಕೂಡ ಹಾಗೇ ಇದೆಯಲ್ಲ' ಎಂದು ಮುಖ ಗಂಟು ಹಾಕಿಕೊಳ್ಳುತ್ತಾರೆ. ಈ ಕಟ್ಟಳೆ ಮಾಡಿದವನು ನಾನೇ. 2022ರ ಬೇಸಿಗೆಯಲ್ಲಿ ನನ್ನ ಕೈಯಾರೆ ಆದ ಒಂದು ಕೆಲಸ ಅದಕ್ಕೆ ಕಾರಣ.

ಮೈಸೂರಿನ ಬನ್ನಿಮಂಟಪದ ಕಡೆ ನಮ್ಮ ಗ್ಯಾರೇಜು. ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಬೈಕು ಬಿಟ್ಟು ಜೀಪಿಗೆ ಬಂದರು. ಅವರ ಕೈಕೆಳಗೆ ನಾನು ಹನ್ನೊಂದು ವರ್ಷ ಮಾಡಿದ್ದೆಲ್ಲ ಮಹೀಂದ್ರಾ ಗಾಡಿಗಳೇ: ಎತ್ತರದ ಬಾನೆಟ್ಟಿನ ಸಿಜೆ-3ಬಿ, ಆಮೇಲೆ ಬಂದ ಎಂಎಂ 540. ಎರಡನೇ ಮಹಾಯುದ್ಧದ ಕಾಲದ ಜೀಪನ್ನು ಬೇರೆಯವರ ಮನೆ ಅಂಗಳದಲ್ಲಿ ದೂರದಿಂದ ನೋಡಿದ್ದೆನೇ ಹೊರತು ಬಿಚ್ಚಿ ನೋಡಿರಲಿಲ್ಲ.

ಆ ವರ್ಷ ಪಾಂಡವಪುರ ಕಡೆಯಿಂದ ಒಬ್ಬ ಗೌಡರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಒಂದು ಜೀಪು ಹೇರಿಕೊಂಡು ಬಂದರು. ಅವರ ತಂದೆ ಕೊಂಡಿದ್ದು. ಆಲೆಮನೆಯ ಹಿಂದಿನ ಚಪ್ಪರದಲ್ಲಿ, ಕಬ್ಬಿನ ರಚ್ಚಿನ ರಾಶಿಗೆ ಆತುಕೊಂಡು ಎಷ್ಟೋ ವರ್ಷ ನಿಂತಿತ್ತು. ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಎಣಿಸಿದ ಕೂಡಲೇ ನನ್ನ ಎದೆ ಡವಡವ ಅಂದಿತು. ಯುದ್ಧ ಮುಗಿದ ಮೇಲೆ 1945ರಲ್ಲಿ ಜನಬಳಕೆಗೆ ಬಂದ ಸಿಜೆ-2ಎಗೆ ಇರುವುದು ಏಳೇ ಸೀಳು. ಒಂಬತ್ತಿದ್ದರೆ ಅದು ಮಿಲಿಟರಿ ಗಾಡಿ.

ಆ ಸಂಭ್ರಮದಲ್ಲಿ ನಾನು ಒಂದು ವಾರದೊಳಗೆ ಗಾಡಿಯನ್ನು ಚಿಂದಿ ಮಾಡಿ ಹರವಿದೆ. ಪ್ರೆಶರ್ ಪಂಪಿನಲ್ಲಿ ತೊಳೆದೆ. ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನೆಲ್ಲ ಎರಡು ಬಕೆಟ್ಟಿಗೆ ತುಂಬಿ ಗುಜರಿಗೆ ತೂಕಕ್ಕೆ ಹಾಕಿದೆ. ಬಾಡಿಯನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸಿದೆ. ಚಾಸಿಗೆ ನಾನೇ ಗ್ರೈಂಡರ್ ಹಿಡಿದೆ. ಬಾಡಿ ವಾಪಸ್ ಬಂದಾಗ ಬೂದುಬಣ್ಣದ ಹೊಸ ತಗಡಿನ ಹಾಗೆ ಹೊಳೆಯುತ್ತಿತ್ತು. ಫೋಟೋ ತೆಗೆದು ಗೌಡರಿಗೆ ವಾಟ್ಸಾಪ್ ಮಾಡಿದೆ. ಅವರು ಕೈಮುಗಿಯುವ ಚಿತ್ರ ಕಳಿಸಿದರು. ಪೇಂಟರ್ ಪ್ರೈಮರ್ ಹೊಡೆದು, ಗುಳಿ ಬಿದ್ದ ಕಡೆ ಪುಟ್ಟಿ ತುಂಬಿದ.

ಊರಿಗೆ ಹೋಗಿದ್ದ ಮೇಸ್ತ್ರಿಗಳು ಹಿಂದಿರುಗಿ ಬಂದವರೇ ಮುಂದಿನ ಬಂಪರ್ ಹತ್ತಿರ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟರು. "ಆರ್.ಸಿ.ಯಲ್ಲಿ ವಿಲ್ಲೀಸ್ ಅಂತ ಇದೆ ಅಂದ್ಯಲ್ಲ? ಇದು ಫೋರ್ಡ್ ಕಣೋ" ಅಂದರು.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ಅಮೆರಿಕದ ಸೇನೆ 1940ರಲ್ಲಿ ಕಾಲು ಟನ್ನಿನ ಹಗುರ ಗಾಡಿ ಬೇಕೆಂದು ಕೇಳಿದಾಗ ಮೊದಲು ಮಾಡಿ ಒಪ್ಪಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್‌ಗೆ. ಅವರೊಬ್ಬರಿಂದಲೇ ಪೂರೈಸಲಾಗದು ಎಂದು ಅದೇ ನಕ್ಷೆಯಲ್ಲಿ ಫೋರ್ಡ್ ಕೂಡ ಮಾಡಿತು. ವಿಲ್ಲೀಸ್ ಗಾಡಿ ಎಂಬಿ, ಫೋರ್ಡ್ ಗಾಡಿ ಜಿಪಿಡಬ್ಲ್ಯು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಎರಡರಲ್ಲೂ ಅದೇ 2.2 ಲೀಟರಿನ, 60 ಅಶ್ವಶಕ್ತಿಯ ಸೈಡ್ ವಾಲ್ವ್ ಪೆಟ್ರೋಲ್ ಇಂಜಿನ್, ಅದೇ 80 ಇಂಚಿನ ವೀಲ್ ಬೇಸ್. ಒಂದರ ಭಾಗ ಇನ್ನೊಂದಕ್ಕೆ ಕೂರಲೇಬೇಕು ಎಂಬುದೇ ಸೇನೆಯ ಷರತ್ತು. ಆದರೂ ಗುರುತು ಹಿಡಿಯಬಹುದು. ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಪಟ್ಟಿ ಕೂಡಿಸುವ ಅಡ್ಡಪಟ್ಟಿ ವಿಲ್ಲೀಸ್‌ನಲ್ಲಿ ಉರುಟು ಪೈಪು, ಫೋರ್ಡಿನಲ್ಲಿ ಬೋರಲು ಹಾಕಿದ ದೋಣಿಯ ಹಾಗೆ. ಚಾಸಿ ನಂಬರು ವಿಲ್ಲೀಸ್‌ನಲ್ಲಿ ಎಡ ಪಟ್ಟಿಯ ಒಳಮಗ್ಗುಲಿಗೆ ರಿವಿಟ್ ಹೊಡೆದ ಬಿಲ್ಲೆಯಲ್ಲಿ, ಫೋರ್ಡಿನಲ್ಲಿ ಪಟ್ಟಿಯ ಮೇಲ್ಗಡೆಯೇ ಕುಟ್ಟಿದ ಅಂಕಿಗಳಲ್ಲಿ. ಇನ್ನೊಂದು ಗುರುತಿದೆ: ಫೋರ್ಡ್‌ನವರು ತಮ್ಮ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿದ್ದರು.

ನಾನು ಗುಜರಿಗೆ ಹಾಕಿದ ಎರಡು ಬಕೆಟ್ ಅಂದರೆ ಅದೇ.

ಬೋಲ್ಟು ಹೋದರೆ ಹೋಯಿತು, ಹೊಸದು ಸಿಗುತ್ತದೆ ಅನ್ನಿಸಬಹುದು. ಸಿಗುತ್ತದೆ, ನಿಜ. ಆದರೆ ಯುದ್ಧದ ನಂತರ ಡಿಸ್ಪೋಸಲ್‌ನಲ್ಲಿ ಹರಾಜಾದ ಜೀಪುಗಳು ಹತ್ತು ಗ್ಯಾರೇಜು ದಾಟಿ ಬಂದವು. ಒಂದರ ಇಂಜಿನ್, ಇನ್ನೊಂದರ ಬಾಡಿ, ಮತ್ತೊಂದರ ಹೌಸಿಂಗ್. ಯಾವ ಭಾಗ ಮೊದಲಿನಿಂದ ಈ ಚಾಸಿಯ ಜೊತೆಗೇ ಇತ್ತು, ಯಾವುದು ಆಮೇಲೆ ಸೇರಿಕೊಂಡಿತು ಎನ್ನುವುದಕ್ಕೆ ಅಲ್ಲಲ್ಲಿ ಉಳಿದ ಆ 'ಎಫ್' ಬೋಲ್ಟುಗಳೇ ಸಾಕ್ಷಿ. ಎಲ್ಲಿಂದ ಯಾವುದು ಬಿಚ್ಚಿದೆ ಎಂದು ಬರೆದಿಡದೆ ಬಕೆಟ್ಟಿಗೆ ಸುರಿದಾಗಲೇ ಆ ಸಾಕ್ಷಿ ಸತ್ತಿತ್ತು. ಗುಜರಿ ಅಂಗಡಿಗೆ ಓಡಿದೆ. ರಾಶಿ ಎರಡು ದಿನದ ಹಿಂದೆಯೇ ಲಾರಿ ಹತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಚಾಸಿ ನಂಬರಿಗೆ ಬಿದ್ದಿತ್ತು. ತುಕ್ಕು ತಿಂದು ಮೊದಲೇ ತೆಳುವಾಗಿದ್ದ ಅಂಕಿಗಳ ಮೇಲೆ ನಾನು ಗ್ರೈಂಡರ್ ಓಡಿಸಿದ್ದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನೋಂದಣಿ ನಿಯಮ ತಂದಿದೆ. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಮಾರ್ಪಾಟಾಗದೆ ಮೂಲದ್ದೇ ಆಗಿರಬೇಕು. ಹೊಸ ನೋಂದಣಿಯಾದರೆ ಶುಲ್ಕ 20,000 ರೂಪಾಯಿ, 'ವಿಎ' ಅಕ್ಷರವಿರುವ ನಂಬರು. ಮೊದಲೇ ನೋಂದಣಿಯಾದ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಅವಕಾಶವಿದೆ. ಗೌಡರ ಆಸೆ ಇದ್ದದ್ದು ಅದರ ಮೇಲೆ. ಅವರ ಜೀಪಿನದು ಮೈಸೂರು ರಾಜ್ಯದ ಕಾಲದ, 'ಎಂವೈ'ಯಿಂದ ಶುರುವಾಗುವ ನಂಬರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದರೆ ಕೊನೆಯ ಎರಡು ಅಂಕಿ ಮೂಡಲೇ ಇಲ್ಲ. ಎರಡು ಸಲ ತೆಗೆದೆವು, ಎರಡು ಸಲವೂ ವಾಪಸ್. ವಾಪಸ್ ಕಳಿಸಿದವರದು ತಪ್ಪೇನಿರಲಿಲ್ಲ, ಓದಲಾಗದ ಅಂಕಿಯನ್ನು ಯಾರು ಒಪ್ಪುತ್ತಾರೆ? ಕೊನೆಗೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಚಾಸಿಗೆ ಅಡ್ಡಲಾಗಿ ಮಲಗಿಸಿ ಹಿಡಿದಾಗ ಅಂಕಿಗಳ ನೆರಳು ಕಂಡಿತು. ಆ ಫೋಟೋ ಮತ್ತು ಹಳೇ ಆರ್.ಸಿ. ಜೊತೆಗಿಟ್ಟು ಮತ್ತೆ ಕೊಟ್ಟೆವು. ಇಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಇದೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಪ್ರೈಮರ್ ಆದ ಮರುವಾರ, ಒಂದು ಭಾನುವಾರ, ಗೌಡರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಎಂಬತ್ತು ದಾಟಿದವರು. ಜೀಪಿನ ಸುತ್ತ ಒಂದು ಸುತ್ತು ಬಂದು, ಹಿಂಬದಿಯ ಎಡ ಮೂಲೆಯ ಟೂಲ್ ಬಾಕ್ಸ್ ಮುಚ್ಚಳ ಎತ್ತಿ ಒಳಮೈ ಸವರಿದರು.

"ಇಲ್ಲಿದ್ದ ಗೀಟು ಎಲ್ಲೋದ್ವಪ್ಪ?"

"ಯಾವ ಗೀಟು ಅವ್ವ?"

"ನಾನೇ ಎಳ್ದಿದ್ದು ಕಣಪ್ಪ. ಮಂಡ್ಯಕ್ಕೆ ಒಂದು ಲೋಡು ಬೆಲ್ಲ ಹೋದ್ರೆ ಒಂದು ಗೀಟು. ನಂಗೆ ಬರ್ಯಕ್ಕೆ ಬರಲ್ವಲ್ಲ."

ನನಗೆ ನೆನಪಿತ್ತು. ಬ್ಲಾಸ್ಟಿಂಗಿಗೆ ಕಳಿಸುವ ಮುಂಚೆ ಆ ಮುಚ್ಚಳದೊಳಗೆ ಸಾಲುಸಾಲಾಗಿ ಗೀರುಗಳನ್ನು ಕಂಡಿದ್ದೆ. ನಾಲ್ಕು ನಿಲುವು, ಅವುಗಳ ಮೇಲೊಂದು ಅಡ್ಡ. ಸ್ಪ್ಯಾನರ್ ಉಜ್ಜಿ ಆದದ್ದು ಎಂದುಕೊಂಡು ಪೇಂಟರಿಗೆ, "ಇಲ್ಲಿ ಚೆನ್ನಾಗಿ ಪುಟ್ಟಿ ಹಾಕು" ಎಂದವನೂ ನಾನೇ.

ಅವ್ವ ಸ್ಟೂಲಿನ ಮೇಲೆ ಕೂತು ಹೇಳಿದರು. ಸುಗ್ಗಿಯಲ್ಲಿ ಬೆಳಗಿನ ಜಾವಕ್ಕೇ ಜೀಪಿಗೆ ಟ್ರೇಲರ್ ಕಟ್ಟಿ ಅಚ್ಚು ಬೆಲ್ಲ ಹೇರುತ್ತಿದ್ದರು. ಗಾಡಿ ಹೊರಡುವ ಮುಂಚೆ ಇವರು ಎತ್ತಿನ ಲಾಳದ ಮೊಳೆಯಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಮಂಡಿಯ ಲೆಕ್ಕ ಚುಕ್ತಾ ಆಗುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ. ಒಂದು ವರ್ಷ ಚೀಟಿಯಲ್ಲಿ ಮೂರು ಲೋಡು ಕಡಿಮೆ ಬಂತು. ಯಜಮಾನರು ಜೀಪನ್ನೇ ಮಂಡಿ ಮುಂದೆ ನಿಲ್ಲಿಸಿ, ಮುಚ್ಚಳ ಎತ್ತಿ ತೋರಿಸಿದರು. ಮೂರು ಲೋಡಿನ ದುಡ್ಡು ಬಂತು. ಇದನ್ನು ಹೇಳುವಾಗ ಅವ್ವನ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಲಾರೆ. ನನ್ನ ಮೇಲೆ ಅವರು ಒಂದು ಮಾತೂ ಸಿಟ್ಟಾಗಲಿಲ್ಲ.

ಅಲ್ಲಿಯವರೆಗೆ ನಾನು ಆ ಜೀಪಿನಲ್ಲಿ ಹುಡುಕುತ್ತಿದ್ದದ್ದು ಬರೀ ಯುದ್ಧವನ್ನು. ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಯಬೇಕು, ಮಿಲಿಟರಿ ಹಸಿರು ಹೊಡೆಯಬೇಕು, ಕಾರ್ಖಾನೆ ಬಿಟ್ಟ ದಿನದಂತೆ ನಿಲ್ಲಿಸಬೇಕು. ಸೇನೆಯಲ್ಲಿ ಅದು ಇದ್ದದ್ದು ಕೆಲವೇ ವರ್ಷ. ನಾಲೆ ಏರಿ ಮೇಲೆ ಬೆಲ್ಲ ಹೊತ್ತು ಓಡಾಡಿದ್ದು ಅದರ ಎಷ್ಟೋ ಪಾಲು ಕಾಲ. ನಾನು ಉಜ್ಜಿ ಬಿಸಾಕಿದ್ದು ಆ ಕಾಲವನ್ನು.

ಈಗ ಮೂರು ದಿನ ನಾವು ನೋಡುತ್ತೇವೆ, ಅಷ್ಟೇ. ಮುಚ್ಚಳಗಳ ಒಳಮೈ, ಸೀಟಿನ ಅಡಿ, ಡ್ಯಾಶಿನ ಹಿಂಭಾಗ ಸೇರಿಸಿ ಫೋಟೋ ತೆಗೆಯುತ್ತೇವೆ. ಮನೆಯ ಹಿರಿಯರು ಇದ್ದರೆ ಕರೆಸುತ್ತೇವೆ, ಬರಲಾಗದಿದ್ದರೆ ನಾನೇ ಊರಿಗೆ ಹೋಗುತ್ತೇನೆ. ಬಿಚ್ಚಿದ ಬೋಲ್ಟುಗಳು ತೊಳೆದ ಹಾಲಿನ ಕವರುಗಳಿಗೆ ಹೋಗುತ್ತವೆ, ಒಂದೊಂದು ಕವರಿನೊಳಗೂ ಎಲ್ಲಿಯದು ಎಂದು ಬರೆದ ರಟ್ಟಿನ ಚೂರು. ಬಣ್ಣ ತೆಗೆಯುವ ಮುಂಚೆ ಬಾಡಿಯ ನಾಲ್ಕೈದು ಕಡೆ ಅಂಗೈಯಗಲ ಜಾಗದಲ್ಲಿ ಮಾತ್ರ ನುಣುಪು ವಾಟರ್ ಪೇಪರ್ ಒದ್ದೆ ಮಾಡಿ ಮೆಲ್ಲಗೆ ಉಜ್ಜುತ್ತೇವೆ. ಪದರ ಪದರವಾಗಿ ಹಳೇ ಬಣ್ಣ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ತಾಳ್ಮೆ ಬೇಕು. ಬೆರಳ ತುದಿ ಸವೆದು ಉರಿಯುತ್ತದೆ.

ಹೋದ ವರ್ಷ ತಿ. ನರಸೀಪುರ ಕಡೆಯ ಒಂದು ಸಿಜೆ-3ಬಿಯಲ್ಲಿ ಹೀಗೆ ಉಜ್ಜುವಾಗ ನೀಲಿಯ ಕೆಳಗೆ ಬೂದು, ಬೂದಿನ ಕೆಳಗೆ ಬಿಳಿಯಲ್ಲಿ ಏನೋ ಬಾಗಿದ ಗೆರೆ ಸಿಕ್ಕಿತು. ಹುಡುಗರು ಹೂವಿನ ಬಳ್ಳಿ ಅಂದರು. ಇನ್ನೊಂದು ಗೇಣು ಉಜ್ಜಿದರೆ ಕೊಂಬು, ಆಮೇಲೆ ನೊಗ. ನೊಗ ಹೊತ್ತ ಜೋಡೆತ್ತು! 1969ರಲ್ಲಿ ಒಡೆಯುವ ತನಕ ಕಾಂಗ್ರೆಸ್ ಪಕ್ಷದ ಗುರುತು ಅದು. 1971ರ ಚುನಾವಣೆಗೆ ಇಂದಿರಾ ಗಾಂಧಿಯವರ ಬಣಕ್ಕೆ ಹಸು ಕರು ಬಂತು. ಅಂದರೆ ಆ ಪದರ 1967ರ ಚುನಾವಣೆಯದೋ ಅದಕ್ಕೂ ಹಿಂದಿನದೋ ಇರಬೇಕು. ಯಾವ ಕಾಗದವೂ ಹೇಳದಿದ್ದ ಸಂಗತಿಯನ್ನು ಬಣ್ಣ ಹೇಳಿತು. ಮಾಲೀಕರು ಆ ಮಗ್ಗುಲನ್ನು ಹಾಗೆಯೇ ಬಿಡಿ ಅಂದರು, ಮೇಲೆ ಕ್ಲಿಯರ್ ಕೋಟ್ ಮಾತ್ರ ಹೊಡೆದೆವು.

ಸಂಗ್ರಹಕಾರರು ತರುವ ಬಿಡಿ ವಸ್ತುಗಳ ವಿಷಯದಲ್ಲೂ ನನ್ನ ನಿಲುವು ಇದೇ. ಜೆರ್ರಿಕ್ಯಾನ್ ತೆಗೆದುಕೊಳ್ಳಿ. ಯುದ್ಧಕ್ಕೂ ಮುಂಚೆ ಜರ್ಮನರು ಮಾಡಿದ 20 ಲೀಟರಿನ ಡಬ್ಬ, ಉಳಿದವರು ನೋಡಿ ನಕಲು ಮಾಡಿದ್ದು. ಮೇಲೆ ಮೂರು ಹಿಡಿಕೆ: ತುಂಬಿದ್ದನ್ನು ಇಬ್ಬರು ಎರಡು ಕಡೆ ಹಿಡಿಯಬಹುದು, ಖಾಲಿಯಾದರೆ ಒಬ್ಬನೇ ಒಂದು ಕೈಯಲ್ಲಿ ಎರಡು ಒಯ್ಯಬಹುದು. ಮಂಡ್ಯದ ಹಳ್ಳಿಗಳ ಪಂಪ್‌ಸೆಟ್ ಮನೆಗಳಲ್ಲಿ ಡೀಸೆಲ್ ತುಂಬಿಸಿಕೊಂಡು ಇವು ಇನ್ನೂ ದುಡಿಯುತ್ತಿವೆ. ಕೊಳ್ಳುವವರು ಮೈಮೇಲೆ ಒತ್ತಿದ ಇಸವಿ ನೋಡಿ, ಅದರ ಮೇಲೆ ರೈತ ಬರೆದ ಹೆಸರನ್ನು ಅಳಿಸಿ ಕೊಡಿ ಅನ್ನುತ್ತಾರೆ. ನಾನು ಅಳಿಸುವುದಿಲ್ಲ. ಹೊಸದಾಗಿ ಮಾಡಿದ ಡೇಟಾ ಪ್ಲೇಟನ್ನು, ಅಂದರೆ ಗಾಡಿಯ ವಿವರ ಒತ್ತಿದ ಬಿಲ್ಲೆಯನ್ನು, ಆಸಿಡ್ಡಿನಲ್ಲಿ ಅದ್ದಿ ಹಳತು ಮಾಡಿ, ಇಸವಿ ಕುಟ್ಟಿ, ಡ್ಯಾಶಿಗೆ ಹೊಡೆದುಕೊಡಿ ಎಂದು ಕೇಳುವವರೂ ಇದ್ದಾರೆ. ಹೊಸ ಪ್ಲೇಟು ಹೊಸದಾಗಿ ಕಂಡರೆ ತೊಂದರೆಯಿಲ್ಲ, ಹಾಕಿಕೊಡುತ್ತೇನೆ. ಹಳೆಯದರ ವೇಷ ಹಾಕಿಸುವುದಾದರೆ ಗಾಡಿಯನ್ನು ಬೇರೆ ಕಡೆ ಒಯ್ಯಿರಿ ಎನ್ನುತ್ತೇನೆ. ಇದರಿಂದ ಎರಡು ದೊಡ್ಡ ಕೆಲಸ ಕೈತಪ್ಪಿವೆ.

ಗೌಡರ ಜೀಪಿನ ಮುಚ್ಚಳಕ್ಕೆ ಮರಳುತ್ತೇನೆ. ಅವ್ವ ಬಂದು ನೋಡಿಹೋದ ಮರುದಿನವೇ ಅದನ್ನು ಬಿಚ್ಚಿಕೊಂಡು ಕೂತೆ. ರಿಮೂವರ್ ಹಚ್ಚಿ ಪ್ರೈಮರ್ ಎತ್ತಿದೆ. ಪುಟ್ಟಿಯನ್ನು ಬಿಸಿಗಾಳಿ ಬಿಟ್ಟು ಮೆತ್ತಗೆ ಮಾಡಿ, ಬಿದಿರಿನ ಚಕ್ಕೆಯಲ್ಲಿ ಕೆರೆದೆ. ಕಬ್ಬಿಣ ತಾಗಿಸಲಿಲ್ಲ. ದಿನಾ ಸಂಜೆ ಕೆಲಸ ಮುಗಿದ ಮೇಲೆ ಒಂದು ಗಂಟೆಯಂತೆ ನಾಲ್ಕು ವಾರ ಹಿಡಿಯಿತು. ಮೇಲೆ ಮೇಲೆ ಗೀಚಿದ್ದವು ಬ್ಲಾಸ್ಟಿಂಗಿನಲ್ಲಿ ಪೂರ್ತಿ ಹೋಗಿದ್ದವು. ಒತ್ತಿ ಎಳೆದವು ಉಳಿದಿದ್ದವು.

ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಪಾಂಡವಪುರಕ್ಕೆ ಒಯ್ದೆ. ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಸರಿಯಾಗಿ ಕಾಣದ್ದರಿಂದ ಬೆರಳಲ್ಲೇ ಐದೈದರಂತೆ ಎಣಿಸಿದರು. ಅರವತ್ಮೂರು.

"ಇನ್ನೂ ಇದ್ವು" ಅಂದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ನಿಮ್ಮ ಗೌಡ ಹುಟ್ಟಿದ ವರ್ಷದ್ದು. ಬಸುರಿಲಿ ಬಗ್ಗಕ್ಕಾಗ್ದೆ ಸೊಟ್ಟ ಎಳ್ದಿವ್ನಿ ನೋಡು" ಅಂದರು. ಆ ಸಾಲಿನ ಗೀಟುಗಳೆಲ್ಲ ನಿಜಕ್ಕೂ ಎಡಕ್ಕೆ ವಾಲಿದ್ದವು.

ಜೀಪಿಗೆ ಹಸಿರು ಬಣ್ಣ ಆಯಿತು. ಆ ಮುಚ್ಚಳದ ಒಳಮೈಗೆ ಮಾತ್ರ ಬಣ್ಣ ಮುಟ್ಟಿಸಿಲ್ಲ. ಮೂರು ತಿಂಗಳಿಗೊಮ್ಮೆ ಸರ್ವೀಸಿಗೆ ಬಂದಾಗ ತುಕ್ಕು ಹಿಡಿಯದಿರಲೆಂದು ನಾನೇ ಹತ್ತಿಯಲ್ಲಿ ಎಣ್ಣೆ ಅದ್ದಿ ಸವರುತ್ತೇನೆ. ಆ ಕೆಲಸವನ್ನು ಹುಡುಗರಿಗೆ ಬಿಟ್ಟಿಲ್ಲ.