ಏನು ಸಿಕ್ಕಿತು ಎಂದು ಕೇಳುವವರಿಗೆ

‘ಇಷ್ಟು ವರ್ಷ ಕುಳಿತು ನಿಮಗೆ ಸಿಕ್ಕಿದ್ದಾದರೂ ಏನು?’ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತರಬೇಕೆಂಬ ಕಳಸಾ–ಬಂಡೂರಿ ಹೋರಾಟದಲ್ಲಿದ್ದವನು ಎಂದು ಗೊತ್ತಾದರೆ ಸಾಕು, ಇದೇ ಪ್ರಶ್ನೆ. ಮೊನ್ನೆ ಬೆಳಗಾವಿಯ ಮದುವೆಯೊಂದರಲ್ಲಿ ಬೀಗರ ಕಡೆಯ ಹುಡುಗ ‘ಮಾಮಾ’ ಎಂದು ಕರೆದು, ಊಟದ ಪಂಕ್ತಿಯಲ್ಲೇ ಕೇಳಿದ. ಅಲ್ಲಿ ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ.

ಲೆಕ್ಕ ಬೇಕಿದ್ದರೆ ತೆಗೆದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿತು; ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸುವುದು 3.9. 2020ರ ಫೆಬ್ರುವರಿಯಲ್ಲಿ ಕೇಂದ್ರದ ಅಧಿಸೂಚನೆ ಬಂತು. ಆ ನೀರು ಇನ್ನೂ ಖಾನಾಪುರದ ಕಾಡು ದಾಟಿ ನಮ್ಮ ನವಿಲುತೀರ್ಥದ ಜಲಾಶಯಕ್ಕೆ ಬಂದಿಲ್ಲ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ನನಗೆ ಸಿಟ್ಟು ಬರುವುದು ‘ಕುಳಿತು’ ಎಂಬ ಮಾತಿಗೆ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಆರಂಭವಾಯಿತು. 1980ರ ಜುಲೈ 21ರಂದು ರೈತರ ಮೇಲೆ ಗುಂಡು ಹಾರಿದ ಊರು ಅದು. ಅಲ್ಲಿ ಸುಮ್ಮನೆ ಕುಳಿತುಕೊಳ್ಳಲು ಯಾರೂ ಹೋಗುವುದಿಲ್ಲ. ಸವದತ್ತಿ ತಾಲ್ಲೂಕಿನ ನಮ್ಮೂರಿನಿಂದ ಸರದಿ ಹಾಕಿಕೊಂಡು ಹೋಗುತ್ತಿದ್ದೆವು. ಒಬ್ಬ ಪೆಂಡಾಲಿನಲ್ಲಿ ಕುಳಿತರೆ ಊರಿನಲ್ಲಿ ನಾಲ್ವರು ನಿಲ್ಲಬೇಕು. ಅವನ ಎತ್ತುಗಳಿಗೆ ಮೇವು ಹಾಕಬೇಕು, ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು, ಬಸ್ ಖರ್ಚಿಗೆ ಪಟ್ಟಿ ಎತ್ತಬೇಕು.

‘ನೀವು ಅಲ್ಲಿದ್ದಾಗ ನಿಮ್ಮ ಹೊಲ ಬಿತ್ತಿದವರು ಯಾರು?’ ಒಬ್ಬರಾದರೂ ಹೀಗೆ ಕೇಳಬಾರದೇ?

ಆ ವರ್ಷ ಹಿಂಗಾರಿ ಜೋಳಕ್ಕೆ ಮಳೆ ಬಂದದ್ದೇ ಅಷ್ಟಿಷ್ಟು. ಎರೆ ಹೊಲದಲ್ಲಿ ಹದ ಇದ್ದದ್ದು ಎರಡೇ ದಿನ, ಮೊದಲ ದಿನವೇ ನನ್ನ ಸರದಿ. ಸಂಜೆ ಬಸ್ಸಿಳಿದು ನೇರ ಹೊಲಕ್ಕೆ ಹೋದೆ. ಈ ಬದುವಿನಿಂದ ಆ ಬದುವಿನವರೆಗೆ ಕೂರಿಗೆಯ ಸಾಲುಗಳು. ನನ್ನ ಬೀಜದ ಚೀಲವನ್ನು ಮಡಿಚಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟಿದ್ದರು. ಒಳಗೆ ಒಂದು ಹಿಡಿ ಜೋಳ ಉಳಿದಿತ್ತು. ಬದುವಿನಾಚೆ ಪಕ್ಕದ ಹೊಲದ ಕಾಕಾನ ನಾಲ್ಕು ಎಕರೆ ಹಾಗೆಯೇ ಇತ್ತು.

‘ನಿಮ್ಮದನ್ನು ಬಿಟ್ಟು ನನ್ನದನ್ನು ಯಾಕೆ ಬಿತ್ತಿದಿರಿ?’ ಎಂದೆ.

‘ನೀನು ನನ್ನ ಪಾಲಿನ ನೀರಿಗೂ ಕುಳಿತಿದ್ದೆಯಲ್ಲ, ತಮ್ಮಾ. ನಾಳೆ ಮುಯ್ಯಾಳಾಗಿ ಬಾ.’

ಮರುದಿನ ನಸುಕಿನಲ್ಲೇ ಅವರ ಕೂರಿಗೆ ಹಿಡಿದೆ. ಮಧ್ಯಾಹ್ನದ ಬಿಸಿಲು ಜೋರಾಗಿತ್ತು. ಕಡೆಯ ಅರ್ಧ ಎಕರೆಯ ಬೀಜ ಆರಿದ ಮಣ್ಣಿಗೆ ಬಿದ್ದು ಮೊಳೆಯಲಿಲ್ಲ. ಕಾಕಾ ಇವತ್ತಿನವರೆಗೂ ನನ್ನೆದುರು ಆ ಮಾತು ಎತ್ತಿಲ್ಲ.