ಅಡಿಕೆ ಸಿಪ್ಪೆಯಲ್ಲಿ ಕ್ಸೈಲನೇಸ್: ಮೊದಲು ನೀರಿನ ಲೆಕ್ಕ

ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದಾದ ಮೇಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಳಗಳ ಬದಿಯಲ್ಲಿ ಸಿಪ್ಪೆಯ ರಾಶಿ ಬೀಳುತ್ತದೆ. ಸ್ವಲ್ಪ ಒಲೆಗೆ, ಸ್ವಲ್ಪ ಮರದ ಬುಡಕ್ಕೆ, ಉಳಿದದ್ದು ಅಲ್ಲೇ. ಇದರ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ತೆಗೆಯಬಹುದು. ಆದರೆ ಶುರುಮಾಡುವವರು ಸಾಮಾನ್ಯವಾಗಿ ನಾರಿನ ಸೆಲ್ಯುಲೋಸ್ ಕಡಿಯುವ ಸೆಲ್ಯುಲೇಸ್‌ಗೇ ಕೈ ಹಾಕುತ್ತಾರೆ. ನಾನು ಹೇಳುವುದು ಕ್ಸೈಲನೇಸ್, ಸಿಪ್ಪೆಯಲ್ಲಿ ಸೆಲ್ಯುಲೋಸ್ ಜೊತೆಗಿರುವ ಕ್ಸೈಲಾನ್ ಎಂಬ ಪದಾರ್ಥವನ್ನು ಕಡಿದು ಸಕ್ಕರೆ ಮಾಡುವ ಕಿಣ್ವ. ಸಿಪ್ಪೆಯ ಸೆಲ್ಯುಲೋಸ್ ಗಟ್ಟಿ ಅಂಟಿನಂಥ ಲಿಗ್ನಿನ್ನಿನ ನಡುವೆ ಸಿಕ್ಕಿಕೊಂಡಿದೆ, ಅದನ್ನು ಬಿಡಿಸಲು ಕಾಸ್ಟಿಕ್ ಸೋಡಾ ಬೇಕು, ಆಮೇಲೆ ಆ ಕಪ್ಪು ನೀರನ್ನು ಚೆಲ್ಲಲು ಜಾಗ ಬೇಕು. ಕ್ಸೈಲನೇಸ್‌ಗೆ ಕಾಸ್ಟಿಕ್ ಬೇಡವೇ ಬೇಡ. ಹಾಕಿದರೆ ನಮಗೆ ಬೇಕಾದ ಕ್ಸೈಲಾನ್‌ನಲ್ಲಿ ಬಹುಪಾಲು ಕರಗಿ ತೊಳೆದುಹೋಗುತ್ತದೆ.

ಸಿಪ್ಪೆ ಆರಿಸುವಾಗ ಮೊದಲು ನೋಡಬೇಕಾದದ್ದು ಮೈಲುತುತ್ತು. ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತಿನಿಂದ ಮಾಡಿದ ಶೇ. 1ರ ಬೋರ್ಡೋ ದ್ರಾವಣ ಶಿಲೀಂಧ್ರ ಕೊಲ್ಲಲೆಂದೇ ಇರುವುದು. ನಾವು ಬೆಳೆಸಹೊರಟಿರುವುದೂ ಶಿಲೀಂಧ್ರವೇ. ನೀಲಿ ಕಲೆ ಕಾಣುವ ಸಿಪ್ಪೆ ಬಿಟ್ಟುಬಿಡಿ. ಉಳಿದದ್ದನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಕಂದು ನೀರು ಬಸಿದು, ಮತ್ತೊಮ್ಮೆ ಹಾಗೆಯೇ ಮಾಡಿ. ಆ ಕಂದು ಬಣ್ಣದಲ್ಲಿರುವ ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಕಿಣ್ವವೂ ಪ್ರೋಟೀನೇ. ಒಣಗಿಸಿ 1ರಿಂದ 2 ಮಿ.ಮೀ. ಪುಡಿ ಮಾಡಿ. ಹಿಟ್ಟಿನಷ್ಟು ನುಣ್ಣಗಾದರೆ ನೀರು ಬಿದ್ದಾಗ ಕೆಸರಾಗಿ ಒಳಗೆ ಗಾಳಿ ಆಡುವುದಿಲ್ಲ.

ಬರೀ ಸಿಪ್ಪೆ ಸಾಲದು. 60 ಗ್ರಾಂ ಸಿಪ್ಪೆ ಪುಡಿಗೆ 40 ಗ್ರಾಂ ಗೋಧಿ ಬೂಸಾ ಸೇರಿಸಿ, ಪಶು ಆಹಾರದ ಅಂಗಡಿಯದ್ದೇ ಸಾಕು. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಕಿಣ್ವವನ್ನು ಬೆಳೆಸಿದ್ದೂ ಗೋಧಿ ಬೂಸಾದ ಮೇಲೆ. ಲವಣದ ನೀರಿಗೆ ಲೀಟರಿಗೆ ಅಮೋನಿಯಂ ಸಲ್ಫೇಟ್ 1.4 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2 ಗ್ರಾಂ, ಯೂರಿಯಾ, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್ ತಲಾ 0.3 ಗ್ರಾಂ; ಪಿಎಚ್ 5.

ಇನ್ನು ನೀರು. ನಮ್ಮೂರಲ್ಲಿ ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ತೇವಾಂಶ ಶೇ. 65 ಬೇಕು ಎಂದಿಟ್ಟುಕೊಳ್ಳಿ. ಬೇಸಗೆಯಲ್ಲಿ 100 ಗ್ರಾಂ ಮಿಶ್ರಣದಲ್ಲಿ 10 ಗ್ರಾಂ ನೀರಿದ್ದರೆ ಒಣ ಪದಾರ್ಥ 90 ಗ್ರಾಂ. 90ನ್ನು 0.35ರಿಂದ ಭಾಗಿಸಿದರೆ 257 ಗ್ರಾಂ, ಅಂದರೆ ಸೇರಿಸಬೇಕಾದ್ದು 157 ಮಿ.ಲೀ. ಕೊನೆಗೆ ಬೆರೆಸುವ ಶಿಲೀಂಧ್ರದ ಬೀಜಕದ ನೀರು 10 ಮಿ.ಲೀ. ಇರುವುದರಿಂದ ಲವಣದ ನೀರು 147 ಮಿ.ಲೀ. ಮಾತ್ರ. ಆಟಿಯ ಮಳೆಯಲ್ಲಿ ಅದೇ ಪುಡಿ ಗಾಳಿಯ ತೇವ ಹೀರಿ 18 ಗ್ರಾಂ ನೀರು ಹಿಡಿದಿದ್ದರೆ ಒಟ್ಟು ಸೇರಿಸಬೇಕಾದ್ದು 134 ಮಿ.ಲೀ. ಅಷ್ಟೇ. ಹಳೆಯ ಲೆಕ್ಕದಲ್ಲೇ ಸುರಿದರೆ ಶೇ. 68 ದಾಟುತ್ತದೆ, ಮೇಲೆ ಆಟೋಕ್ಲೇವಿನ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆಯ) ಹಬೆಯ ನೀರು ಬೇರೆ. ಆಗ ಶಿಲೀಂಧ್ರಕ್ಕಿಂತ ಮೊದಲು ಬ್ಯಾಕ್ಟೀರಿಯಾ ಏಳುತ್ತದೆ: ರಾಶಿ ಲೋಳೆಯಾಗಿ ಅಮೋನಿಯಾ ವಾಸನೆ ಬರುತ್ತದೆ. ಹಾಗಾಗಿ ಪ್ರತಿ ಸಲವೂ 5 ಗ್ರಾಂ ಮಿಶ್ರಣವನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ನೋಡಿಯೇ ನೀರು ಅಳೆಯಿರಿ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದು ಒದ್ದೆಯಾಗಬೇಕು, ಹನಿ ಬೀಳಬಾರದು.

121 ಡಿಗ್ರಿಯಲ್ಲಿ 40 ನಿಮಿಷ ಆಟೋಕ್ಲೇವ್ ಮಾಡಿ. ದ್ರವಕ್ಕೆ ಸಾಲುವ 15–20 ನಿಮಿಷ ಇದಕ್ಕೆ ಸಾಲದು, ಪುಡಿಯ ನಡುವಿಗೆ ಹಬೆ ನಿಧಾನವಾಗಿ ಇಳಿಯುತ್ತದೆ. ಬೆಳೆಸಬೇಕಾದ ಶಿಲೀಂಧ್ರ ಆಸ್ಪರ್ಜಿಲಸ್ ನೈಗರ್; ಅದರ ತಳಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಂಥ ಸೂಕ್ಷ್ಮಜೀವಿ ಸಂಗ್ರಹದಿಂದಲೇ ತರಿಸಿ. ಕೃಷಿ ಅಂಗಡಿಯ ಟ್ರೈಕೋಡರ್ಮಾ ಪುಡಿ ಬೇವಿನ ಹಿಂಡಿಯ ಜೊತೆ ತೋಟಕ್ಕೆ ಸರಿ, ಇಲ್ಲಿಗಲ್ಲ. ಅದರಲ್ಲಿ ಬೇರೆ ಏನೇನಿದೆ ಎಂದು ಹೇಳಲಾಗದು. ಆಲೂಗಡ್ಡೆ–ಡೆಕ್ಸ್‌ಟ್ರೋಸ್ ಅಗರ್ ಮೇಲೆ ಒಂದು ವಾರ ಬೆಳೆದ ಬೀಜಕಗಳನ್ನು ಶೇ. 0.1 ಟ್ವೀನ್ 80 (ಸೋಪಿನಂಥ ದ್ರವ) ಇರುವ ಶುದ್ಧೀಕರಿಸಿದ ನೀರಿನಲ್ಲಿ ತೊಳೆದು ತೆಗೆದು, ಮಿ.ಲೀ.ಗೆ 10 ಕೋಟಿ ಬರುವಂತೆ ಎಣಿಸಿ ಹೊಂದಿಸಿ, ಅದರ 10 ಮಿ.ಲೀ. ಅನ್ನು ತಣಿದ ಮಿಶ್ರಣಕ್ಕೆ ಬೆರೆಸಿ. ಮಾಸ್ಕ್ ಇಲ್ಲದೆ ಈ ಕೆಲಸ ಬೇಡ.

ತಟ್ಟೆಯಲ್ಲಿ ಹಾಸು 2–3 ಸೆಂ.ಮೀ. ಮೀರಬಾರದು. ಶಿಲೀಂಧ್ರ ಬೆಳೆಯುವಾಗ ಬಿಸಿ ಏಳುತ್ತದೆ, ಸಿಪ್ಪೆ ಆ ಬಿಸಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೋಣೆ 30 ಡಿಗ್ರಿ ಇದ್ದರೂ ನಡುಭಾಗ 40 ದಾಟಬಹುದು, ಹಾಗಾಗಿ ಹಾಸಿನೊಳಗೇ ಥರ್ಮಾಮೀಟರ್ ಚುಚ್ಚಿಡಿ. ಬಿಳಿ ಎಳೆ ಹರಡಿ ಹಾಸು ಚಾಪೆಯಂತೆ ಬಿಗಿದಾಗ ಒಮ್ಮೆ ಮೆಲ್ಲಗೆ ಬಿಡಿಸಿ ಕೊಡಿ, ಸಾಕು. ಹಳದಿ–ಹಸಿರು ಬೂಸ್ಟು ಕಂಡರೆ ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು. ಆ ಭಾಗವನ್ನಷ್ಟೇ ಕೆರೆದು ತೆಗೆಯುವುದಲ್ಲ, ಇಡೀ ತಟ್ಟೆಯನ್ನೇ ಆಟೋಕ್ಲೇವ್ ಮಾಡಿ ಎಸೆಯಬೇಕು.

ಮೂರನೇ ದಿನದಿಂದ ದಿನಕ್ಕೊಂದು ಮಾದರಿ ತೆಗೆದು ಪರೀಕ್ಷಿಸಿ. ಸಾಮಾನ್ಯವಾಗಿ ನಾಲ್ಕು–ಐದನೇ ದಿನಕ್ಕೆ ಕಿಣ್ವ ತುದಿಗೇರುತ್ತದೆ. ತಡಮಾಡಿದರೆ ಶಿಲೀಂಧ್ರದ್ದೇ ಪ್ರೋಟಿಯೇಸ್ (ಪ್ರೋಟೀನು ಕಡಿಯುವ ಕಿಣ್ವ) ನಮ್ಮ ಕ್ಸೈಲನೇಸನ್ನು ತಿನ್ನತೊಡಗುತ್ತದೆ. ಗ್ರಾಂ ಒಣ ಪದಾರ್ಥಕ್ಕೆ ಹಾಸಿನೊಳಗಿನ ನೀರೂ ಸೇರಿ 10 ಮಿ.ಲೀ. ಆಗುವಷ್ಟು 50 ಮಿಲಿಮೋಲಾರ್ ಸಿಟ್ರೇಟ್ ಬಫರ್ ಹಾಕಿ, ಒಂದು ಗಂಟೆ ಅಲುಗಾಡಿಸಿ, ಬಟ್ಟೆಯಲ್ಲಿ ಹಿಂಡಿ, ಸೆಂಟ್ರಿಫ್ಯೂಜ್ ಮಾಡಿ.

ಅಳತೆಗೆ 0.5 ಮಿ.ಲೀ. ಕಿಣ್ವ, 0.5 ಮಿ.ಲೀ. ಶೇ. 1 ಕ್ಸೈಲಾನ್, 50 ಡಿಗ್ರಿ, 10 ನಿಮಿಷ. ಡಿಎನ್‌ಎಸ್ (ಸಕ್ಕರೆ ಇದ್ದಷ್ಟು ಬಣ್ಣ ಕೊಡುವ ರಾಸಾಯನಿಕ) ಹಾಕಿ 5 ನಿಮಿಷ ಕುದಿಸಿ 540 ನ್ಯಾನೋಮೀಟರಿನಲ್ಲಿ ಓದಿ. ಕ್ಸೈಲಾನ್ ಇಲ್ಲದ ಕಿಣ್ವದ ಬ್ಲ್ಯಾಂಕ್ (ಹೋಲಿಕೆಯ ನಳಿಕೆ) ಇಡದಿದ್ದರೆ ಸಾರದಲ್ಲಿ ಮೊದಲೇ ಇದ್ದ ಸಕ್ಕರೆಯೂ ಕಂದು ಬಣ್ಣವೂ ಕಿಣ್ವದ ಲೆಕ್ಕಕ್ಕೆ ಸೇರುತ್ತವೆ. ಬಹಳ ಚೆನ್ನಾಗಿ ಬಂತು ಎನ್ನುವ ಫಲಿತಾಂಶ ಕಂಡರೆ ಮೊದಲು ಈ ಬ್ಲ್ಯಾಂಕ್ ಕೇಳಿ. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಕ್ಸೈಲೋಸ್ (ಕ್ಸೈಲಾನ್ ಒಡೆದಾಗ ಬರುವ ಸಕ್ಕರೆ) ಬಿಡಿಸುವ ಕಿಣ್ವ ಒಂದು ಯೂನಿಟ್. ಉದಾಹರಣೆಗೆ 20 ಪಟ್ಟು ತೆಳು ಮಾಡಿದ ಸಾರದಿಂದ 0.3 ಮಿ.ಗ್ರಾಂ ಕ್ಸೈಲೋಸ್ ಬಂದರೆ ಅದು 2 ಮೈಕ್ರೋಮೋಲ್; ನಿಮಿಷಕ್ಕೆ 0.2, ಮಿ.ಲೀ.ಗೆ 0.4, ತೆಳು ಮಾಡುವ ಮೊದಲಿನ ಸಾರದಲ್ಲಿ 8 ಯೂನಿಟ್, ಗ್ರಾಂ ಒಣ ಪದಾರ್ಥಕ್ಕೆ 80.

ಈ ಕಚ್ಚಾ ಸಾರವನ್ನು ದನಕ್ಕೆ, ಕೋಳಿಗೆ ಹಾಕಿ ನೋಡುವುದು ಬೇಡ. ಕಾಗದ ಬಿಳುಪಿಗೆ ಕೊಡುವುದಾದರೆ ಸೆಲ್ಯುಲೇಸ್ ಎಷ್ಟು ಬೆರೆತಿದೆ ಎಂದೂ ಅಳೆಯಬೇಕು, ಅದು ನಾರನ್ನೇ ಕಡಿಯುತ್ತದೆ. ಹಿಂಡಿ ಉಳಿದ ಹಿಪ್ಪೆಯಲ್ಲಿ ಬೀಜಕ ತುಂಬಿರುತ್ತದೆ. ಆಟೋಕ್ಲೇವ್ ಮಾಡಿದ ಮೇಲೆಯೇ ಗೊಬ್ಬರದ ಗುಂಡಿಗೆ.