ನಾನೊಬ್ಬ ಸರಿಯಾಗಿದ್ದು ಏನು ಪ್ರಯೋಜನ?

ಗೇಮ್ ಥಿಯರಿ ಕಲಿಸ್ತೀನಿ ಅಂದರೆ ಮದುವೆ ಮನೆಗಳಲ್ಲಿ ಮೊದಲು ಬರುವ ಮಾತು, ‘ಓಹೋ, ಮೊಬೈಲ್ ಗೇಮಾ?’ ಅಂತ. ಅಲ್ಲ, ಜನ ಯಾವಾಗ ಕೈಜೋಡಿಸುತ್ತಾರೆ, ಯಾವಾಗ ಕೈಕೊಡುತ್ತಾರೆ ಅನ್ನುವ ಲೆಕ್ಕ ಅಂತ ಬಿಡಿಸಿ ಹೇಳುತ್ತೇನೆ. ಆಮೇಲೆ ಪಕ್ಕದ ಎಲೆಯವರು ಕೇಳುವ ಪ್ರಶ್ನೆ ಒಂದೇ: ‘ಈ ಬೆಂಗಳೂರಲ್ಲಿ ಎಲ್ಲರೂ ಕೈಕೊಡೋರೇ. ನಾನೊಬ್ಬ ಸರಿಯಾಗಿದ್ದು ಏನು ಪ್ರಯೋಜನ ಸಾರ್?’

ಒಬ್ಬರೇ ಇದ್ದರೆ ಪ್ರಯೋಜನವಿಲ್ಲ. ಇನ್ನೂ ಒಂದಿಬ್ಬರು ಬೇಕು, ಅದೂ ಪಕ್ಕದಲ್ಲೇ ಬೇಕು.

ಚೀಟಿ ಹಾಕಿದವರಿಗೆ ಮೂಲ ತೊಡಕು ಗೊತ್ತೇ ಇದೆ. ಮೊದಲ ತಿಂಗಳೇ ಚೀಟಿ ಎತ್ತಿದವನು ಮುಂದಿನ ಕಂತು ಕಟ್ಟದೆ ಮಾಯವಾದರೆ ಅವನಿಗೆ ಲಾಭ. ಎಲ್ಲರೂ ಹಾಗೇ ಯೋಚಿಸಿದರೆ ಚೀಟಿಯೇ ಇಲ್ಲ. ಇಂಥ ತೊಡಕನ್ನೇ 1950ರಲ್ಲಿ ಅಮೆರಿಕದಲ್ಲಿ ಮೆರಿಲ್ ಫ್ಲಡ್, ಮೆಲ್ವಿನ್ ಡ್ರೆಶರ್ ಒಂದು ಆಟವಾಗಿ ಕಟ್ಟಿದರು. ಖೈದಿಗಳ ಇಕ್ಕಟ್ಟು ಅಂತ ಆಮೇಲೆ ಹೆಸರು ಬಂತು. ಆಡುವವರು ಇಬ್ಬರು. ಇಬ್ಬರೂ ಕೈಜೋಡಿಸಿದರೆ ಇಬ್ಬರಿಗೂ ಒಳ್ಳೆಯದು, ಆದರೆ ಎದುರಿನವನು ಏನೇ ಮಾಡಲಿ, ಕೈಕೊಟ್ಟವನಿಗೇ ಜಾಸ್ತಿ. ಹಾಗಾಗಿ ಒಂದೇ ಸಲ ಆಡುವುದಾದರೆ ಕೈಕೊಡುವುದೇ ಜಾಣತನ.

ಮತ್ತೆ ಮತ್ತೆ ಆಡಿದರೆ? 1980ರ ಹೊತ್ತಿಗೆ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಇದರ ಪಂದ್ಯ ನಡೆಸಿದರು. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ್ದು, ಬಂದವುಗಳಲ್ಲೇ ತೀರಾ ಸರಳವಾದದ್ದು. ಮೊದಲು ಕೈಜೋಡಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ನೀನೂ ಮಾಡು. ನಮ್ಮಲ್ಲಿ ಇದಕ್ಕೆ ಮುಯ್ಯಿ ಅನ್ನುವ ಮಾತಿದೆ. ಸೇಡಿಗೂ ಅದೇ, ಮದುವೆಯ ಉಡುಗೊರೆಗೂ ಅದೇ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಟ್ಟು, ಅವರ ಮನೆ ಮದುವೆಗೆ ಅಷ್ಟನ್ನೇ ವಾಪಸ್ ಮಾಡುವ ನಮ್ಮ ದೊಡ್ಡಮ್ಮ ಆ ಪಂದ್ಯಕ್ಕೆ ಹೋಗಿದ್ದರೆ... ಸುಮ್ನೆ ಹೇಳಿದೆ.

ಆದರೆ ದೊಡ್ಡಮ್ಮನ ನೋಟ್‌ಬುಕ್ಕು ನೆಂಟರಿಗೆ ಸಾಕು, ಊರಿಗೆ ಸಾಲದು. ನನಗೆ ಹೆಚ್ಚು ಇಷ್ಟ 1992ರಲ್ಲಿ ಮಾರ್ಟಿನ್ ನೊವಾಕ್, ರಾಬರ್ಟ್ ಮೇ ಇದೇ ಆಟವನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದು. ಅಲ್ಲಿ ಯಾರಿಗೂ ನೆನಪೇ ಇಲ್ಲ. ಚದುರಂಗದ ಮಣೆಯ ಹಾಗೆ ಮನೆಗಳು. ಪ್ರತಿ ಮನೆಯೂ ಸುತ್ತಲಿನ ಎಂಟು ಮನೆಗಳ ಜೊತೆ ಆಡುತ್ತದೆ. ಆಮೇಲೆ ತನ್ನ ಸುತ್ತ ಯಾರು ಜಾಸ್ತಿ ಗಳಿಸಿದರೋ ಅವರನ್ನು ನಕಲು ಮಾಡುತ್ತದೆ. ಯಾರು ಯಾರ ಜೊತೆಗಾದರೂ ಆಡುವ ಹಾಗೆ ಎಲ್ಲರನ್ನೂ ಕಲಸಿಬಿಟ್ಟರೆ ಕೊನೆಗೆ ಉಳಿಯುವುದು ಕೈಕೊಡುವವರೇ. ಮಣೆಯ ಮೇಲೆ, ಮೋಸದ ಲಾಭ ತೀರಾ ದೊಡ್ಡದಲ್ಲದಿದ್ದರೆ, ಹಾಗಾಗುವುದಿಲ್ಲ. ಕೈಜೋಡಿಸುವವರು ಗುಂಪಾಗಿದ್ದರೆ ನಡುವಿನವರಿಗೆ ಎಂಟೂ ಕಡೆಯಿಂದ ಬರುತ್ತದೆ. ಮೋಸಗಾರನಿಗೆ ಸಿಗುವುದು ಗುಂಪಿನ ಅಂಚಿನಲ್ಲಿ ಮಾತ್ರ. ಅವನ ಬೆನ್ನ ಹಿಂದಿರುವವರೂ ಅವನಂಥವರೇ, ಅವರಿಂದ ಏನೂ ಗಿಟ್ಟುವುದಿಲ್ಲ. ಪರದೆಯ ಮೇಲೆ ಈ ಗುಂಪುಗಳು ರಂಗೋಲಿಯ ಹಾಗೆ ಹರಡಿ, ಒಡೆದು, ಮತ್ತೆ ಕೂಡುವುದನ್ನು ನೋಡುತ್ತಾ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

2006ರಲ್ಲಿ ಓಟ್ಸುಕಿ, ನೊವಾಕ್ ಮತ್ತು ಸಂಗಡಿಗರು ಇದಕ್ಕೊಂದು ಪುಟ್ಟ ಸೂತ್ರ ಕೊಟ್ಟರು. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿದಾಗ ಪಕ್ಕದ ಮನೆ ಆಂಟಿ ಪೈಪ್ ಎಳೆದು ನಮ್ಮ ಸಂಪಿನೊಳಗೆ ನೀರು ಬಿಟ್ಟರು. ಅವರಿಗಾದ ಖರ್ಚಿಗಿಂತ ನಮಗಾದ ಉಪಕಾರ ಎಷ್ಟೋ ಪಟ್ಟು. ಆ ಪಟ್ಟು ಒಬ್ಬೊಬ್ಬರಿಗಿರುವ ನೆರೆಯವರ ಸಂಖ್ಯೆಗಿಂತ ಜಾಸ್ತಿ ಇದ್ದರೆ ಸಹಕಾರ ಬೇರು ಬಿಡುತ್ತದೆ. ಮೂವರು ನೆರೆಯವರಿದ್ದರೆ ಮೂರು ಪಟ್ಟು ದಾಟಬೇಕು. ನಂಟು ಕಡಿಮೆ ಇದ್ದಷ್ಟೂ ಸಲೀಸು. ಮುನ್ನೂರು ಫ್ಲ್ಯಾಟಿನ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹುಟ್ಟದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು, ಅಲ್ವಾ? (ಯಾರು ಯಾರನ್ನು ಹೇಗೆ ನಕಲು ಮಾಡುತ್ತಾರೆ ಅನ್ನುವ ನಿಯಮ ಬದಲಾದರೆ ಸೂತ್ರವೂ ಕೈಕೊಡುತ್ತದೆ. ಊಟದ ಮಧ್ಯೆ ಅದನ್ನೆಲ್ಲ ಹೇಳುವುದಿಲ್ಲ.)

ಹಾಗಂತ ಅಕ್ಕಪಕ್ಕ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಕೆಲವು ಕೆಲಸ ಒಬ್ಬ ಮಾಡಿದರೂ ಸಾಕು, ಮಾಡಿದವನಿಗೂ ಲಾಭವೇ. ಇಂಥ ಆಟದಲ್ಲಿ ಅಕ್ಕಪಕ್ಕದ ನಂಟು ಎಷ್ಟೋ ಸಲ ಸಹಕಾರವನ್ನು ಇಳಿಸಿಬಿಡುತ್ತದೆ ಅಂತ ಹಾವರ್ಟ್ ಮತ್ತು ಡೋಬೆಲಿ 2004ರಲ್ಲಿ ತೋರಿಸಿದರು. ನಮ್ಮ ಬೀದಿಯ ಮೋರಿಯನ್ನೇ ನೋಡಿ. ಜೋರು ಮಳೆ ಬಂದರೆ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡು ಕಟ್ಟಿಕೊಳ್ಳುತ್ತದೆ. ಯಾರಾದರೂ ಒಬ್ಬರು ಕೋಲು ಹಾಕಿ ಎಳೆದರೆ ಎಲ್ಲರ ಗೇಟಿನ ಮುಂದಿನ ನೀರೂ ಇಳಿಯುತ್ತದೆ. ಹೋದ ಸಲ ಅದೇ ಆಂಟಿ ಕೊಡೆ ಹಿಡಿದು ಬಂದರು. ಉಳಿದವರೆಲ್ಲ ಕಿಟಕಿಯಲ್ಲಿ. ನಾನೂ ಅಲ್ಲೇ ಇದ್ದೆ.